ಪಕ್ಷಪಾತ ಯಾವುದು, ತಾರತಮ್ಯ ಯಾವುದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪಕ್ಷಪಾತಕ್ಕೆ ಸಂಬಂಧಪಟ್ಟ ಪದಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಉದ್ದ ಇದ್ದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಕೇಳಿದ ವಿಷಯ ಮಾತ್ರ ಹಾಗೇ ಇದೆ.

ಪ್ರಶ್ನೆ: ಪಕ್ಷಪಾತ, ತಾರತಮ್ಯ, ಭೇದಭಾವ, ಈ ಮೂರೂ ಒಂದೇ ಅಲ್ವಾ? ಒಂದೇ ಸುದ್ದಿಯಲ್ಲಿ ಮೂರನ್ನೂ ಅದಲುಬದಲು ಮಾಡಿ ಬರೆಯುತ್ತಾರೆ.

ಉತ್ತರ: ಬರೆಯುತ್ತಾರೆ, ನಿಜ. ಆದರೆ ಮೂರೂ ಒಂದೇ ಅಲ್ಲ.

ಪಕ್ಷ ಅಂದರೆ ರೆಕ್ಕೆ, ಮಗ್ಗುಲು, ಕಡೆ. ಹಕ್ಕಿಗೆ ಪಕ್ಷಿ ಅನ್ನುವುದೂ, ತಿಂಗಳ ಎರಡು ಭಾಗಗಳಿಗೆ ಶುಕ್ಲಪಕ್ಷ, ಕೃಷ್ಣಪಕ್ಷ ಅನ್ನುವುದೂ ಅದೇ ಪದದಿಂದ. ಪಾತ ಅಂದರೆ ಬೀಳುವುದು. ಹಾಗಾಗಿ ಪಕ್ಷಪಾತ ಅಂದರೆ ಒಂದು ಕಡೆಗೆ ವಾಲುವುದು. ಸಂಸ್ಕೃತದಲ್ಲಿ ಇದಕ್ಕೆ ಒಲವು, ಅಭಿಮಾನ ಎಂಬ ಒಳ್ಳೆಯ ಅರ್ಥವೂ ಇದೆ. ಕನ್ನಡದಲ್ಲಿ ಈಗ ಆ ಅರ್ಥ ಹೆಚ್ಚುಕಡಿಮೆ ಮರೆಯಾಗಿ, ಆಪಾದನೆ ಮಾತ್ರ ಉಳಿದಿದೆ. ಮುಖ್ಯವಾದ ಮಾತು ಏನಂದ್ರೆ, ವಾಲುವುದಕ್ಕೆ ಒಬ್ಬರು ಇರಲೇಬೇಕು. ಪಕ್ಷಪಾತ ಎಂದ ಕೂಡಲೇ ಯಾರು ಮಾಡಿದ್ದು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ.

ತಾರತಮ್ಯದ ಕಥೆ ಬೇರೆ. ಸಂಸ್ಕೃತದಲ್ಲಿ ಹೋಲಿಸಿ ಹೇಳುವಾಗ ಬರುವ ತರ, ತಮ ಎಂಬ ಪ್ರತ್ಯಯಗಳಿವೆಯಲ್ಲ, ಪ್ರಿಯತರ, ಪ್ರಿಯತಮ ಎನ್ನುತ್ತೇವಲ್ಲ, ಆ ಎರಡನ್ನೂ ಸೇರಿಸಿ ಮಾಡಿದ ಪದ ಇದು. ಹೆಚ್ಚು ಕಡಿಮೆ, ಮೇಲು ಕೆಳಗು ಎಂಬ ಅಂತಸ್ತು ಇದರ ಮೂಲ ಅರ್ಥ. ಅದರಲ್ಲಿ ಬೈಗುಳ ಏನೂ ಇರಲಿಲ್ಲ. ಮಧ್ವಾಚಾರ್ಯರ ದ್ವೈತ ಮತದಲ್ಲಿ ತಾರತಮ್ಯ ಒಂದು ಸಿದ್ಧಾಂತವೇ, ದೇವತೆಗಳಲ್ಲಿ, ಜೀವರಲ್ಲಿ ಒಂದು ಶ್ರೇಣಿ ಇದೆ ಎಂದು ಅದು ಹೇಳುತ್ತದೆ. ಯಾವುದು ದೊಡ್ಡದು ಯಾವುದು ಚಿಕ್ಕದು ಎಂದು ತಿಳಿಯದವರಿಗೆ 'ತಾರತಮ್ಯ ಜ್ಞಾನ ಇಲ್ಲ' ಎಂದು ಈಗಲೂ ಹೇಳುತ್ತೇವೆ. ಅಲ್ಲಿ ಅದು ಗುಣ. ವೇತನ ತಾರತಮ್ಯ, ಲಿಂಗ ತಾರತಮ್ಯ ಎಂದಾಗ ಮಾತ್ರ ದೋಷ. ಅಲ್ಲೂ ಅದು ತೋರಿಸುವುದು ಇಬ್ಬರ ನಡುವಿನ ಅಂತರವನ್ನು, ಮಾಡಿದವರನ್ನಲ್ಲ.

ಭೇದಭಾವ ಮನಸ್ಸಿನ ಒಳಗಿನದು. ಇವನು ನಮ್ಮವನು, ಅವನು ಬೇರೆಯವನು ಎಂಬ ಭಾವನೆ.

ಒಂದು ತರಗತಿ ನೋಡಿ. ಇಬ್ಬರು ಮಕ್ಕಳು ಮನೆಪಾಠ ಬರೆದುಕೊಂಡು ಬಂದಿಲ್ಲ. ಒಬ್ಬನಿಗೆ ಮೇಷ್ಟ್ರು 'ಪರವಾಗಿಲ್ಲ ಬಿಡು, ನಾಳೆ ತೋರಿಸು' ಎಂದರು. ಇನ್ನೊಬ್ಬನನ್ನು ಪಾಠ ಮುಗಿಯುವ ತನಕ ಬಾಗಿಲ ಹತ್ತಿರ ನಿಲ್ಲಿಸಿದರು. ಮೊದಲನೆಯವನ ವಿಷಯದಲ್ಲಿ ಮೇಷ್ಟ್ರು ಮಾಡಿದ್ದು ಪಕ್ಷಪಾತ. ಎರಡನೆಯವನಿಗೆ ಆದದ್ದು ತಾರತಮ್ಯ. ಇಬ್ಬರನ್ನು ನೋಡುವಾಗ ಅವರ ಮನಸ್ಸಿನಲ್ಲಿ ಇದ್ದದ್ದು ಭೇದಭಾವ. ಘಟನೆ ಒಂದೇ, ಆದರೆ ಪಕ್ಷಪಾತ ಎಂದರೆ ನಮ್ಮ ಕಣ್ಣು ಲಾಭ ಆದವನ ಕಡೆ ಮತ್ತು ಲಾಭ ಕೊಟ್ಟವರ ಕಡೆ ಹೋಗುತ್ತದೆ, ತಾರತಮ್ಯ ಎಂದರೆ ಬಾಗಿಲ ಹತ್ತಿರ ನಿಂತಿರುವ ಹುಡುಗನ ಕಡೆ ಹೋಗುತ್ತದೆ. ಯಾರ ಬಗ್ಗೆ ಹೇಳಬೇಕು ಎಂದು ಮೊದಲು ತೀರ್ಮಾನಿಸಿ, ಆಮೇಲೆ ಪದ ಆರಿಸಿಕೊಳ್ಳಿ.

ಪ್ರಶ್ನೆ: ನಾನು ಕೆಲಸ ಮಾಡುವ ಕಡೆ ಬಡ್ತಿಗೆ ನಾಲ್ಕು ಜನ ಅರ್ಜಿ ಹಾಕಿದ್ದೆವು. ಅನುಭವ ಎಲ್ಲರಿಗಿಂತ ಕಡಿಮೆ ಇದ್ದ, ಮೇಲಧಿಕಾರಿಯ ಭಾವಮೈದುನನಿಗೆ ಸಿಕ್ಕಿತು. ದೂರು ಬರೆಯಬೇಕು. ಸ್ವಜನಪಕ್ಷಪಾತ ಎಂದು ಬರೆಯಲಾ, ತಾರತಮ್ಯ ಎಂದು ಬರೆಯಲಾ, ಅನ್ಯಾಯ ಎಂದರೆ ಸಾಕಾ?

ಉತ್ತರ: ಮೊದಲ ಪ್ಯಾರಾದಲ್ಲಿ ಈ ಮೂರರಲ್ಲಿ ಯಾವುದನ್ನೂ ಬರೆಯಬೇಡಿ. ಎಷ್ಟು ಜನ ಅರ್ಜಿ ಹಾಕಿದ್ದರು, ಪ್ರಕಟಣೆಯಲ್ಲಿ ಎಷ್ಟು ವರ್ಷದ ಅನುಭವ ಕೇಳಿದ್ದರು, ಆಯ್ಕೆಯಾದವರಿಗೆ ಎಷ್ಟಿದೆ, ನಿಮಗೆ ಎಷ್ಟಿದೆ, ಆಯ್ಕೆ ಮಾಡಿದವರಿಗೂ ಆಯ್ಕೆಯಾದವರಿಗೂ ಏನು ಸಂಬಂಧ, ಅಷ್ಟನ್ನೇ ಬರೆಯಿರಿ. ವಿಷಯ ಸ್ಪಷ್ಟವಾಗಿದ್ದರೆ ಓದುವವರ ಬಾಯಲ್ಲೇ ಆ ಪದ ಬರುತ್ತದೆ. ಶುರುವಿನಲ್ಲೇ ಆಪಾದನೆ ಹಾಕಿದರೆ ಅವರು ಪದದ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ವಿಷಯ ಪಕ್ಕಕ್ಕೆ ಹೋಗುತ್ತದೆ.

ಕೊನೆಗೆ ಪದ ಬೇಕೇ ಬೇಕು ಅಂದಾಗ ಸ್ವಜನಪಕ್ಷಪಾತವೇ ಸರಿ, ಏಕೆಂದರೆ ಇಲ್ಲಿ ಸಂಬಂಧಿಕರು ಇದ್ದಾರೆ. 'ಅನ್ಯಾಯ' ತುಂಬಾ ದೊಡ್ಡ ಚೀಲ, ಅದರಲ್ಲಿ ಏನು ಬೇಕಾದರೂ ಹಿಡಿಸುತ್ತದೆ. ಹಾಗಾಗಿ ಯಾರಿಗೂ ಚುಚ್ಚುವುದಿಲ್ಲ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 'ಪಕ್ಷಪಾತ ನಡೆದಿದೆ', 'ತಾರತಮ್ಯ ಉಂಟಾಗಿದೆ' ಎಂದು ದಯವಿಟ್ಟು ಬರೆಯಬೇಡಿ. ಮಳೆ ಬಂತು, ಗಾಳಿ ಬೀಸಿತು ಅನ್ನುವ ಹಾಗೆ ಪಕ್ಷಪಾತ ತಾನಾಗಿ ನಡೆಯುವುದಿಲ್ಲ. ಯಾರೋ ಒಂದು ಪಟ್ಟಿಗೆ ಸಹಿ ಹಾಕಿರುತ್ತಾರೆ. 'ಆಯ್ಕೆ ಸಮಿತಿಯಲ್ಲಿ ಅವರೇ ಕೂತಿದ್ದರು, ತಮ್ಮ ಭಾವಮೈದುನನನ್ನು ಅವರೇ ಆರಿಸಿದರು' ಎಂದು ಬರೆಯಿರಿ. ಮಾಡಿದವರನ್ನು ವಾಕ್ಯದೊಳಗೆ ಇಡಿ. ಅಧಿಕೃತ ಕಾಗದಗಳ ಕನ್ನಡ ನಮಗೆಲ್ಲ ಈ 'ನಡೆದಿದೆ, ಆಗಿದೆ, ಕಂಡುಬಂದಿದೆ' ಅಭ್ಯಾಸ ಹತ್ತಿಸಿಬಿಟ್ಟಿದೆ. ಅದರಿಂದ ನಷ್ಟ ಆಗುವುದು ಯಾವಾಗಲೂ ದೂರು ಕೊಟ್ಟವರಿಗೇ.

ಪ್ರಶ್ನೆ: ನೆಪೋಟಿಸಂಗೆ ಸ್ವಜನಪಕ್ಷಪಾತ ಸರಿಯಾದ ಪದವೇ? ಗೆಳೆಯರಿಗೆ ಅನುಕೂಲ ಮಾಡಿಕೊಟ್ಟರೂ ಅದೇ ಪದ ಬಳಸಬಹುದೇ?

ಉತ್ತರ: ಕನ್ನಡದ ಪದ ನಿಜವಾಗಿ ಹೆಚ್ಚು ಅಗಲ. ನೆಪೋಟಿಸಂ ಹುಟ್ಟಿದ್ದು ಇಟಾಲಿಯನ್ ಭಾಷೆಯ 'ನಿಪೋಟೆ' ಎಂಬ ಪದದಿಂದ. ಸೋದರಳಿಯನಿಗೂ ಅಣ್ಣತಮ್ಮಂದಿರ ಮಗನಿಗೂ ಅಲ್ಲಿ ಅದೇ ಪದ. ಮದುವೆಯಾಗದ, ಅಧಿಕೃತವಾಗಿ ಮಕ್ಕಳಿಲ್ಲದ ಪೋಪ್‌ಗಳು ಇಂಥ ಹುಡುಗರನ್ನು ಕರೆದು ದೊಡ್ಡ ದೊಡ್ಡ ಪದವಿ ಕೊಡುತ್ತಿದ್ದರು. 15ನೇ ಶತಮಾನದಲ್ಲಿ ಮೂರನೆಯ ಕ್ಯಾಲಿಕ್ಸ್ಟಸ್ ಎಂಬ ಪೋಪ್ ತನ್ನ ಇಬ್ಬರು ಸೋದರಳಿಯಂದಿರನ್ನು ಕಾರ್ಡಿನಲ್ (ಪೋಪ್ ನಂತರದ ದೊಡ್ಡ ಪದವಿ) ಮಾಡಿದ. ಅವರಲ್ಲಿ ಒಬ್ಬ ರೊಡ್ರಿಗೊ ಬೋರ್ಜಿಯಾ, 1492ರಲ್ಲಿ ಆರನೆಯ ಅಲೆಕ್ಸಾಂಡರ್ ಎಂಬ ಹೆಸರಿನಲ್ಲಿ ತಾನೇ ಪೋಪ್ ಆದ. ಕೊನೆಗೆ 1692ರಲ್ಲಿ ಹನ್ನೆರಡನೆಯ ಇನ್ನೊಸೆಂಟ್ ಎಂಬ ಪೋಪ್ ಇದಕ್ಕೆ ತಡೆ ಹಾಕಿ ಆಜ್ಞೆ ಹೊರಡಿಸಬೇಕಾಯಿತು. ಅಂದರೆ ಆ ಪದದ ಹುಟ್ಟಿನಲ್ಲೇ ರಕ್ತಸಂಬಂಧ ಇದೆ.

ನಮ್ಮ 'ಸ್ವಜನ' ಎಂಬಲ್ಲಿ ಬಂಧುಗಳು ಬರುತ್ತಾರೆ, ಜೊತೆಗೆ ಜಾತಿಯವರು, ಪಕ್ಷದವರು, ಕೂಡ ಓದಿದವರು, ನಮ್ಮವರು ಎಂದು ನಾವು ಯಾರನ್ನೆಲ್ಲ ಕರೆಯುತ್ತೇವೋ ಅವರೆಲ್ಲ ಬರುತ್ತಾರೆ. ಇಂಗ್ಲಿಷಿನಲ್ಲಿ ಗೆಳೆಯರ ಬಳಗಕ್ಕೆ ಮಾಡಿಕೊಡುವ ಅನುಕೂಲಕ್ಕೆ ಕ್ರೋನಿಯಿಸಂ ಎಂಬ ಬೇರೆ ಪದ ಇದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಸಾಕು. ಇಷ್ಟು ಜನರನ್ನು ಒಂದೇ ಪದದಲ್ಲಿ ಹಿಡಿದದ್ದು ಸರಿಯಾಗಿಯೇ ಇದೆ ಎಂದು ನನ್ನ ಅಭಿಪ್ರಾಯ, ಯಾಕಂದ್ರೆ 'ನಮ್ಮವರು' ಎಂಬ ಗೆರೆ ಎಲ್ಲಿ ಬೇಕಾದರೂ ಬೀಳಬಹುದು.

ಹೆನ್ರಿ ತಾಜ್ಫೆಲ್ ಎಂಬ ಮನಶ್ಶಾಸ್ತ್ರಜ್ಞರು 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹದಿನಾಲ್ಕು ಹದಿನೈದು ವರ್ಷದ ಶಾಲಾ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಹುಡುಗರಿಗೆ ಇಬ್ಬರು ಚಿತ್ರಕಾರರ ಚಿತ್ರ ತೋರಿಸಿ, ಯಾವುದು ಇಷ್ಟ ಎಂದು ಕೇಳಿ, ನೀನು ಕ್ಲೀ ಗುಂಪು, ನೀನು ಕ್ಯಾಂಡಿನ್ಸ್ಕಿ ಗುಂಪು ಎಂದು ಹೇಳಿದರು. ನಿಜವಾಗಿ ಗುಂಪು ಮಾಡಿದ್ದು ಸುಮ್ನೆ ಹೇಗೋ ಬಂದ ಹಾಗೆ. ತನ್ನ ಗುಂಪಿನಲ್ಲಿ ಯಾರಿದ್ದಾರೆ ಎಂದು ಯಾವ ಹುಡುಗನಿಗೂ ಗೊತ್ತಿಲ್ಲ. ಆಮೇಲೆ ಬೇರೆ ಹುಡುಗರಿಗೆ ಚಿಲ್ಲರೆ ಹಣ ಹಂಚಲು ಹೇಳಿದರು. ತನಗೆ ಅದರಿಂದ ಒಂದು ಕಾಸೂ ಸಿಗುವಂತಿರಲಿಲ್ಲ. ಆದರೂ ಹುಡುಗರು ತಮ್ಮ ಗುಂಪಿನವರಿಗೆ ಜಾಸ್ತಿ ಕೊಟ್ಟರು. ಅಷ್ಟೇ ಅಲ್ಲ, ಎಷ್ಟೋ ಸಲ ತಮ್ಮವರಿಗೆ ಒಟ್ಟಾರೆ ಕಡಿಮೆ ಸಿಕ್ಕರೂ ಸರಿ, ಆ ಕಡೆಯವರಿಗಿಂತ ಮುಂದೆ ಇದ್ದರೆ ಸಾಕು ಎಂಬಂತೆ ಹಂಚಿದರು. ಮುಖ ಗೊತ್ತಿಲ್ಲದ, ಹೆಸರು ಗೊತ್ತಿಲ್ಲದ ಒಬ್ಬನನ್ನು ನಮ್ಮವನು ಅನ್ನಲು ಒಂದು ಗುಂಪಿನ ಹೆಸರು ಸಾಕಾಯಿತು. ಇದನ್ನು ಹಿಡಿಯಲು ನೆಪೋಟಿಸಂ ಎಂಬ ಪದಕ್ಕೆ ಆಗುವುದಿಲ್ಲ, ಸ್ವಜನಪಕ್ಷಪಾತಕ್ಕೆ ಆಗುತ್ತದೆ.

ಬರೆಯುವಾಗ ಒಂದೇ ಪದವಾಗಿ, ನಡುವೆ ಜಾಗ ಬಿಡದೆ ಬರೆಯಿರಿ.

ಪ್ರಶ್ನೆ: ವಶೀಲಿ ಮತ್ತು ಶಿಫಾರಸು ಇವೆರಡರಲ್ಲಿ ಏನು ವ್ಯತ್ಯಾಸ? ವಶೀಲಿ ಎಂಬುದು 'ವಶ'ದಿಂದ ಬಂತೇ?

ಉತ್ತರ: ಇಲ್ಲ, ವಶಕ್ಕೂ ಅದಕ್ಕೂ ನಂಟಿಲ್ಲ. ಅರಬ್ಬಿಯ 'ವಸೀಲಾ', ಅಂದರೆ ಸಾಧನ, ದಾರಿ, ಒಂದು ಕಡೆ ತಲುಪಲು ಇರುವ ಆಸರೆ, ಅದು ಮರಾಠಿ, ಉರ್ದುಗಳಲ್ಲೂ ಓಡಾಡಿ ನಮ್ಮಲ್ಲಿ ವಶೀಲಿ ಆಗಿದೆ. ಶಿಫಾರಸು ಪಾರಸಿಯಿಂದ ಬಂದದ್ದು.

ಶಿಫಾರಸಿಗೆ ಎರಡು ಮುಖ. ಸಮಿತಿ ಶಿಫಾರಸು ಮಾಡಿತು, ವೈದ್ಯರು ಶಿಫಾರಸು ಮಾಡಿದ ಔಷಧ, ಇವು ನೇರ ಬಳಕೆ. 'ಅವನು ಶಿಫಾರಸಿನಿಂದ ಬಂದವನು' ಅಂದರೆ ಮಾತು ಬೇರೆ, ಅಲ್ಲಿ ಯೋಗ್ಯತೆ ಇಲ್ಲದಿದ್ದರೂ ಎಂಬುದು ಒಳಗೇ ಸೇರಿಕೊಂಡಿರುತ್ತದೆ. ವಶೀಲಿಗೆ ಇಂಥ ನೇರ ಮುಖ ಇಲ್ಲ. 'ವಶೀಲಿ ಇದ್ದರೆ ಕೆಲಸ ಆಗುತ್ತೆ' ಎಂದು ಮಾತ್ರ ಬಳಸುತ್ತೇವೆ. ಶಿಫಾರಸು ಒಂದು ಕೆಲಸ, ಮಾಡುವಂಥದ್ದು. ವಶೀಲಿ ಒಂದು ಆಸ್ತಿ, ಇರುವಂಥದ್ದು. 'ನನಗೆ ವಶೀಲಿ ಇಲ್ಲ' ಎಂದು ಜನ ಹೇಳುವುದು 'ನನ್ನ ಹತ್ತಿರ ದುಡ್ಡಿಲ್ಲ' ಎಂದ ಧಾಟಿಯಲ್ಲೇ.

ಇದರಲ್ಲಿ ನನಗೆ ಬೇಸರ ತರಿಸುವ ವಿಷಯ ಒಂದಿದೆ. 'ಅವರಿಗೆ ಒಳ್ಳೆ ವಶೀಲಿ ಇದೆ' ಎಂದು ಮೆಚ್ಚುಗೆಯ ದನಿಯಲ್ಲಿ ಹೇಳುವವರು ತುಂಬಾ ಜನ. ಸರದಿಯಲ್ಲಿ ನಿಂತು ಕಾಯ್ದ ಒಬ್ಬರ ಪಾಲು ಇನ್ನೊಬ್ಬರಿಗೆ ಹೋದದ್ದನ್ನು ಜಾಣತನ ಎಂಬಂತೆ ಆಡುತ್ತೇವೆ. ಈ ಪದವನ್ನು ಹೊಗಳಿಕೆಗೆ ಬಳಸುವುದನ್ನು ಬಿಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಮುಲಾಜು, ದಾಕ್ಷಿಣ್ಯ, ಹಂಗು, ಇವೂ ಪಕ್ಷಪಾತದ ಪದಗಳೇ?

ಉತ್ತರ: ಪಕ್ಷಪಾತ ಅಲ್ಲ, ಪಕ್ಷಪಾತಕ್ಕೆ ಕಾರಣಗಳು. ಎದುರಿಗೆ ಬಂದು ಕೇಳಿದವರಿಗೆ ಇಲ್ಲ ಅನ್ನಲಾಗದ ಸಂಕೋಚ ದಾಕ್ಷಿಣ್ಯ. ಎದುರಿನವರ ಸ್ಥಾನಕ್ಕೆ, ಹಳೆಯ ಪರಿಚಯಕ್ಕೆ ಕೊಡುವ ಮರ್ಯಾದೆ ಮುಲಾಜು. ಹಿಂದೆ ಪಡೆದ ಉಪಕಾರದ ಋಣ ಹಂಗು. ಒಬ್ಬ ಅಧಿಕಾರಿ ಒಂದು ಕಡತವನ್ನು ಮುಂದೆ ತಳ್ಳಿದರೆ ಈ ಮೂರರಲ್ಲಿ ಯಾವುದಕ್ಕಾಗಿ ತಳ್ಳಿದರು ಎಂದು ಬಿಡಿಸಿ ಹೇಳಲು ಕನ್ನಡದಲ್ಲಿ ಇಷ್ಟು ಚೆನ್ನಾದ ಪದಗಳಿವೆ, ಎಲ್ಲವನ್ನೂ 'ಪ್ರಭಾವ' ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಯಾಕೆ? 'ಯಾವ ಮುಲಾಜೂ ಇಲ್ಲದೆ', 'ನಿರ್ದಾಕ್ಷಿಣ್ಯವಾಗಿ', 'ಯಾರ ಹಂಗೂ ಇಲ್ಲದೆ' ಎಂಬ ಮೂರು ಮಾತುಗಳೂ ಒಂದೇ ಅಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ. ದಾಕ್ಷಿಣ್ಯ ಒಳ್ಳೆಯ ಗುಣವೂ ಹೌದು. ತನ್ನ ಸ್ವಂತದ್ದನ್ನು ದಾಕ್ಷಿಣ್ಯಕ್ಕೆ ಕೊಡಬಹುದು. ಎಲ್ಲರಿಗೆ ಸೇರಿದ್ದನ್ನು ಕೊಟ್ಟರೆ ಅದು ಪಕ್ಷಪಾತ.

ಪ್ರಶ್ನೆ: ಒಬ್ಬರಿಗೆ ಮೊದಲು, ಇನ್ನೊಬ್ಬರಿಗೆ ಆಮೇಲೆ ಎಂದರೆ ಅದೆಲ್ಲ ಪಕ್ಷಪಾತವೇ? ಹಾಗಾದರೆ ಆದ್ಯತೆ ಎಂಬ ಪದಕ್ಕೆ ಏನು ಅರ್ಥ?

ಉತ್ತರ: ಅಲ್ಲ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಮೊದಲು ಬಂದ ಕೈ ಉಳುಕಿದವರನ್ನು ಕೂರಿಸಿ, ಆಮೇಲೆ ಬಂದ ಎದೆನೋವಿನವರನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ. ಅದು ಆದ್ಯತೆ. ಕಾರಣ ಎಲ್ಲರಿಗೂ ಕೇಳುವಂತೆ ಹೇಳಬಹುದು. ಕಾದು ಕೂತವರಿಗೂ ಅದು ಒಪ್ಪಿಗೆ, ನಾಳೆ ಅವರಿಗೇ ಎದೆನೋವು ಬಂದರೆ ಅವರಿಗೂ ಅದೇ ನಿಯಮ. ಅದೇ ಎದೆನೋವಿನವರನ್ನು ಬಿಟ್ಟು, ಕೈ ಉಳುಕಿದ ಗೆಳೆಯನನ್ನು ಒಳಗೆ ಕರೆದರೆ ಕಾರಣವನ್ನು ಗಟ್ಟಿಯಾಗಿ ಹೇಳಲು ಆಗುವುದಿಲ್ಲ. ನನಗೆ ಗೊತ್ತಿರುವ ಪರೀಕ್ಷೆ ಇಷ್ಟೇ, ಕಾರಣವನ್ನು ಬಾಗಿಲ ಮೇಲೆ ಬರೆದು ಅಂಟಿಸಬಹುದಾ? ಸಮಾನರನ್ನು ಸಮಾನವಾಗಿ, ಅಸಮಾನರನ್ನು ಅವರ ವ್ಯತ್ಯಾಸಕ್ಕೆ ತಕ್ಕಂತೆ ನೋಡುವುದೇ ನ್ಯಾಯ ಎಂಬ ವಿಚಾರ ಅರಿಸ್ಟಾಟಲ್ ಕಾಲದಿಂದ ಇದೆ. ಆ ವ್ಯತ್ಯಾಸ ವಿಷಯಕ್ಕೆ ಸಂಬಂಧಪಟ್ಟದ್ದಾಗಿರಬೇಕು, ಅಷ್ಟೇ. ಗಾಲಿಕುರ್ಚಿಯಲ್ಲಿ ಬಂದವರಿಗೆ ಇಳಿಜಾರು ದಾರಿ ಮಾಡಿಕೊಡುವುದು ಪಕ್ಷಪಾತ ಅಲ್ಲ, ಮೆಟ್ಟಿಲು ಮಾತ್ರ ಇಟ್ಟು ಎಲ್ಲರಿಗೂ ಒಂದೇ ನಿಯಮ ಅನ್ನುವುದೇ ತಾರತಮ್ಯ.

'ವಿಶೇಷ ಆದ್ಯತೆ', 'ವಿಶೇಷ ಕಾಳಜಿ' ಎಂಬ ಮಾತುಗಳ ಮೇಲೆ ಸ್ವಲ್ಪ ಕಣ್ಣಿಡಿ. ವಶೀಲಿಯ ಕೆಲಸಗಳಿಗೂ ಇದೇ ಹೆಸರು ಹಾಕುವವರಿದ್ದಾರೆ.

ಪ್ರಶ್ನೆ: ಪೂರ್ವಗ್ರಹ ಬೇರೆ, ಪಕ್ಷಪಾತ ಬೇರೆಯೇ?

ಉತ್ತರ: ಬೇರೆ. ಮೊದಲೇ ಹಿಡಿದುಕೊಂಡ ಅಭಿಪ್ರಾಯ ಪೂರ್ವಗ್ರಹ, ಪೂರ್ವಾಗ್ರಹ ಎಂದೂ ಬರೆಯುತ್ತಾರೆ. ಅದು ತಲೆಯಲ್ಲಿ ಇರುತ್ತದೆ, ಪಕ್ಷಪಾತ ಕೈಯಲ್ಲಿ ಕಾಣುತ್ತದೆ. ಪೂರ್ವಗ್ರಹ ಇರುವವರಿಗೆ ಅದು ಇದೆ ಎಂದೇ ಗೊತ್ತಿರುವುದಿಲ್ಲ, ಕಷ್ಟ ಇರುವುದು ಅಲ್ಲೇ. ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ವಾದಕರನ್ನು ಆರಿಸುವಾಗ, ಮುಖ್ಯವಾಗಿ 1970ರ ದಶಕದಿಂದ ಈಚೆಗೆ, ತೀರ್ಪುಗಾರರಿಗೂ ವಾದಕರಿಗೂ ನಡುವೆ ಪರದೆ ಕಟ್ಟುವ ಪದ್ಧತಿ ಬಂತು. ಕೇಳುವುದು ನಾದ ಮಾತ್ರ. ಕೆಲವು ಕಡೆ ಹೆಜ್ಜೆಯ ಸದ್ದಿನಿಂದ ಗಂಡೋ ಹೆಣ್ಣೋ ಎಂದು ತಿಳಿಯಬಾರದು ಎಂದು ವೇದಿಕೆಗೆ ಜಮಖಾನೆಯನ್ನೂ ಹಾಸಿದರು. ಆ ತೀರ್ಪುಗಾರರು ಯಾರಿಗೋ ವಶೀಲಿ ಮಾಡುತ್ತಿದ್ದರು ಎಂದಲ್ಲ, ನಾವು ನಾದವನ್ನೇ ಕೇಳುತ್ತಿದ್ದೇವೆ ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದಿರಬಹುದು. ಇಂಥವರ ಬಗ್ಗೆ ಬರೆಯುವಾಗ ಪಕ್ಷಪಾತಿ ಎಂದು ಬೈಯುವುದಕ್ಕಿಂತ ಪೂರ್ವಗ್ರಹ ಎಂಬ ಪದ ಹೆಚ್ಚು ನ್ಯಾಯವಾದದ್ದು, ಜೊತೆಗೆ ಏನು ಮಾಡಬೇಕು ಎಂದೂ ಅದು ಸೂಚಿಸುತ್ತದೆ.

ಪ್ರಶ್ನೆ: 'ಮಲತಾಯಿ ಧೋರಣೆ' ಎಂದು ಸುದ್ದಿಯಲ್ಲಿ ಬರೆದಾಗ ನನಗೆ ನೋವಾಗುತ್ತದೆ. ನಾನು ಎರಡನೆಯ ಅಮ್ಮ, ಮಗಳನ್ನು ಆರು ವರ್ಷದವಳಿದ್ದಾಗಿನಿಂದ ಸಾಕಿದ್ದೇನೆ. ಬೇರೆ ಪದ ಇಲ್ಲವೇ?

ಉತ್ತರ: ಇದೆ, ಬೇಕಾದಷ್ಟಿವೆ. ಕಡೆಗಣನೆ, ನಿರ್ಲಕ್ಷ್ಯ, ತಾರತಮ್ಯ, ಅಸಡ್ಡೆ. ಒಂದು ಪ್ರದೇಶಕ್ಕೆ ಅನುದಾನ ಕೊಡಲಿಲ್ಲ ಎಂದು ಹೇಳಲು ಮಕ್ಕಳನ್ನು ಪ್ರೀತಿಯಿಂದ ಸಾಕುತ್ತಿರುವ ಎಷ್ಟೋ ಹೆಂಗಸರನ್ನು ಅವಮಾನ ಮಾಡುವ ಅಗತ್ಯ ಏನೂ ಇಲ್ಲ. ಅಮ್ಮನಿಗೆ ಮಾತ್ರ ಈ ಪಟ್ಟ, ಮಲತಂದೆ ಧೋರಣೆ ಎಂದು ಯಾರೂ ಬರೆಯುವುದಿಲ್ಲ, ಗಮನಿಸಿ ನೋಡಿ. ಹಳೆಯ ನುಡಿಗಟ್ಟು ಎಂಬ ಒಂದೇ ಕಾರಣಕ್ಕೆ ಇದನ್ನು ಉಳಿಸಿಕೊಳ್ಳಬೇಕಿಲ್ಲ. ಈ ಅಂಕಣದಲ್ಲಿ ಇನ್ನು ಮುಂದೆ ನಾವು ಬಳಸುವುದಿಲ್ಲ, ಮೇಡಂ.

ಪ್ರಶ್ನೆ: 'ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ', 'ಮುಖ ನೋಡಿ ಮಣೆ ಹಾಕು', ಎರಡೂ ಒಂದೇ ಅರ್ಥವೇ?

ಉತ್ತರ: ಹತ್ತಿರದ ಅರ್ಥ, ಆದರೆ ತೂಕ ಬೇರೆ. ಬೆಣ್ಣೆ ಸುಣ್ಣ ಎರಡೂ ಬಿಳಿ, ದೂರದಿಂದ ನೋಡಿದವರಿಗೆ ಇಬ್ಬರಿಗೂ ಒಂದೇ ಕೊಟ್ಟ ಹಾಗೆ ಕಾಣುತ್ತದೆ. ಒಂದು ತಂಪು, ಇನ್ನೊಂದು ಸುಡುತ್ತದೆ. ಎರಡು ಕಣ್ಣೂ ಒಬ್ಬರದೇ. ಹಾಗಾಗಿ ಇಬ್ಬರೂ ಸಮಾನವಾಗಿ ತನಗೆ ಸೇರಿದವರಾಗಿದ್ದು, ಒಬ್ಬರಿಗೆ ಹಾನಿಯೇ ಆದಾಗ ಈ ಮಾತು ಒಪ್ಪುತ್ತದೆ, ಅಣ್ಣತಮ್ಮಂದಿರ ನಡುವೆ ಭೇದ ಮಾಡುವ ಹೆತ್ತವರಿಗೆ ಹೇಳಿ ಮಾಡಿಸಿದ ಹಾಗಿದೆ. ಮುಖ ನೋಡಿ ಮಣೆ ಹಾಕುವುದು ಅಂದರೆ ಬಂದವರು ಯಾರು ಎಂದು ನೋಡಿ ಮರ್ಯಾದೆ ಕೊಡುವುದು. ಅಲ್ಲಿ ಇನ್ನೊಬ್ಬರಿಗೆ ಸುಡುವುದಿಲ್ಲ, ಅವರಿಗೆ ಕೂರಲು ಜಾಗ ಸಿಗುವುದಿಲ್ಲ. ಬರೀ 'ಮಣೆ ಹಾಕು' ಎಂದರೆ ದೋಷ ಏನೂ ಇಲ್ಲ, 'ಪ್ರತಿಭೆಗೆ ಮಣೆ ಹಾಕಿದರು' ಎಂದು ಧಾರಾಳವಾಗಿ ಬರೆಯಬಹುದು.

ಪ್ರಶ್ನೆ: ನಿಷ್ಪಕ್ಷಪಾತ ಮತ್ತು ತಟಸ್ಥ ಒಂದೇ ಅರ್ಥವೇ? ಪ್ರಮಾಣವಚನದಲ್ಲಿ ಬರುವ ರಾಗ ದ್ವೇಷ ಎಂದರೆ?

ಉತ್ತರ: ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳ, ನ್ಯಾಯಾಧೀಶರ ಪ್ರಮಾಣವಚನ ಇದೆ. ಭಯ, ಪಕ್ಷಪಾತ, ರಾಗ, ದ್ವೇಷ ಈ ನಾಲ್ಕೂ ಇಲ್ಲದೆ ಕೆಲಸ ಮಾಡುತ್ತೇನೆ ಎಂದು ಅದರಲ್ಲಿ ಬರುತ್ತದೆ. ರಾಗ ಅಂದರೆ ಇಲ್ಲಿ ಸಂಗೀತದ್ದಲ್ಲ, ಮೋಹ, ಪ್ರೀತಿ. ಪ್ರೀತಿಯನ್ನು ದ್ವೇಷದ ಪಕ್ಕದಲ್ಲೇ ಇಟ್ಟಿದ್ದಾರೆ ನೋಡಿ, ತೀರ್ಮಾನ ಕೆಡಿಸುವ ಶಕ್ತಿ ಎರಡಕ್ಕೂ ಇದೆ.

ತಟಸ್ಥ ಅಂದರೆ ದಡದಲ್ಲಿ ನಿಂತವನು. ತಟ ಅಂದರೆ ದಡ. ಅವನು ನೀರಿಗೆ ಇಳಿಯುವುದೇ ಇಲ್ಲ, ಯಾರ ಪರವಾಗಿಯೂ ಮಾತಾಡುವುದಿಲ್ಲ. ನ್ಯಾಯಾಧೀಶರು, ಪರೀಕ್ಷಕರು, ಅಂಪೈರ್‌ಗಳು ಹಾಗೆ ಇರಲು ಆಗುವುದಿಲ್ಲ, ಅವರು ಒಬ್ಬರ ಕಡೆ ತೀರ್ಪು ಕೊಡಲೇಬೇಕು. ಹಾಗೆ ಕೊಡುವಾಗ ಮೊದಲೇ ವಾಲಿರಬಾರದು ಎಂಬುದೇ ನಿಷ್ಪಕ್ಷಪಾತ. 'ನಿಷ್ಪಕ್ಷಪಾತ ತನಿಖೆ' ಸರಿ, 'ತಟಸ್ಥ ತೀರ್ಪು' ಎಂಬುದು ಅಷ್ಟು ಸರಿ ಇಲ್ಲ.

ವಾಲಿದಂತೆ ಕಾಣಲೂಬಾರದು ಎಂಬ ನಿಯಮಕ್ಕೆ 1923ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಬಂದ ಒಂದು ಪ್ರಕರಣ ಪ್ರಸಿದ್ಧ. ಒಬ್ಬ ಮೋಟಾರ್ ಸೈಕಲ್ ಸವಾರನ ಮೇಲೆ ಅಪಾಯಕರ ಚಾಲನೆಯ ಕೇಸು. ಸಸೆಕ್ಸ್‌ನ ಕೋರ್ಟಿನಲ್ಲಿ ತೀರ್ಪುಗಾರರ ಜೊತೆ ಒಳಕೋಣೆಗೆ ಹೋದ ಗುಮಾಸ್ತ, ಅದೇ ಅಪಘಾತಕ್ಕೆ ಆ ಸವಾರನಿಂದ ಪರಿಹಾರ ಕೇಳುತ್ತಿದ್ದವರ ವಕೀಲರ ಸಂಸ್ಥೆಯಲ್ಲಿ ಪಾಲುದಾರ. ತೀರ್ಪುಗಾರರು ಅವನನ್ನು ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ. ಆದರೂ ಮೇಲಿನ ಕೋರ್ಟಿನಲ್ಲಿ ಮುಖ್ಯ ನ್ಯಾಯಾಧೀಶ ಲಾರ್ಡ್ ಹೀವರ್ಟ್ ಆ ಸವಾರನ ಶಿಕ್ಷೆಯನ್ನು ರದ್ದು ಮಾಡಿದರು. ನ್ಯಾಯ ಮಾಡಿದರೆ ಸಾಲದು, ಮಾಡಿದ್ದು ಕಾಣಬೇಕು ಎಂಬ ಮಾತು ಎಲ್ಲ ಕಡೆ ಹರಡಿದ್ದು ಅಲ್ಲಿಂದ. ಅಲ್ಲಿ ಪಕ್ಷಪಾತ ನಡೆದಿತ್ತು ಎಂದು ಯಾರೂ ಸಾಬೀತು ಮಾಡಲಿಲ್ಲ, ಮಾಡುವ ಅಗತ್ಯವೂ ಬೀಳಲಿಲ್ಲ. ಆ ಕೋಣೆಯೊಳಗೆ ಅವನು ಇದ್ದದ್ದೇ ಸಾಕಾಯಿತು. ಬಡ್ತಿಯ ಬಗ್ಗೆ ಕೇಳಿದ ಓದುಗರಿಗೂ ಇದು ಉಪಯೋಗಕ್ಕೆ ಬರುತ್ತದೆ. ಮೇಲಧಿಕಾರಿ ಮನಸ್ಸಿನಲ್ಲಿ ಏನಿತ್ತು ಎಂದು ನೀವು ತೋರಿಸಬೇಕಿಲ್ಲ, ಭಾವಮೈದುನ ಅರ್ಜಿ ಹಾಕಿದ್ದಾಗ ಅವರು ಸಮಿತಿಯಿಂದ ಎದ್ದು ಹೋಗಲಿಲ್ಲ ಎಂದು ಬರೆಯಿರಿ.

ಪ್ರಶ್ನೆ: ಪಕ್ಷಪಾತ, ಪಕ್ಷವಾತ, ಯಾವುದು ಸರಿ?

ಉತ್ತರ: ಎರಡೂ ಸರಿ, ಅರ್ಥ ಬೇರೆ. ಪಕ್ಷವಾತ ಒಂದು ಕಾಯಿಲೆ, ದೇಹದ ಒಂದು ಭಾಗ ಸ್ವಾಧೀನ ತಪ್ಪುವುದು, ಪಾರ್ಶ್ವವಾಯು ಎಂದೂ ಹೇಳುತ್ತಾರೆ. ಪಕ್ಷಾಘಾತ ಎಂದು ಬರೆದರೂ ಅದೇ ಕಾಯಿಲೆ. ಪಕ್ಷಪಾತ ಮಾಡುವವರು ಪಕ್ಷಪಾತಿ, 'ಪಕ್ಷಪಾತಿಕ' ಎಂದು ಬರೆಯಬೇಡಿ.